ನೆಲ ಮುಟ್ಟಿ ನೋಡುತ್ತಿದ್ದವರು

ಅವರ ವಿಷಯದಲ್ಲಿ ಆಕ್ಲೆಂಡಿನ ನಮ್ಮ ಹೆಂಡರ್ಸನ್ ಬಡಾವಣೆಯ ಕನ್ನಡದವರ ಬಾಯಲ್ಲಿ ಒಂದು ಮಾತು ನಿಂತುಬಿಟ್ಟಿದೆ: ಅಂಥ ದೈವಭಕ್ತರು ಈ ದೇಶದಲ್ಲಿ ಇನ್ನೊಬ್ಬರಿರಲಿಲ್ಲ, ಭೂಮಿತಾಯಿಗೆ ಕೈ ಮುಟ್ಟಿಸದೆ ಮನೆಯಿಂದ ಹೆಜ್ಜೆ ಹೊರಗಿಡುತ್ತಿರಲಿಲ್ಲ. ಅವರು ಹೋಗಿ ಇನ್ನೂ ತಿಂಗಳು ತುಂಬಿಲ್ಲ. ಮಾತು ಆಗಲೇ ಪುರಾಣವಾಗುವ ದಾರಿ ಹಿಡಿದಿದೆ. ಪೆನ್‌ರೋಸಿನ ಕೋಲ್ಡ್ ಸ್ಟೋರೇಜಿನಲ್ಲಿ ವರ್ಷಗಟ್ಟಲೆ ಅವರ ಎದುರು ಕೂತು ಊಟದ ಡಬ್ಬಿ ಬಿಚ್ಚಿದವನು ನಾನು. ದೇವರಿಗೂ ಅವರಿಗೂ ಜಗಳವಿರಲಿಲ್ಲ, ಹೆಚ್ಚಿನ ಹೋಗುಬರುವಿಕೆಯೂ ಇರಲಿಲ್ಲ. ಅವರು ನೆಲ ಮುಟ್ಟುತ್ತಿದ್ದದ್ದು ನಾಯಿಗೋಸ್ಕರ.

ನಾನೂ ಮೊದಲು ಮೋಸಹೋದವನೇ. ನಾವು ಆ ಬೀದಿಗೆ ಬಂದ ಹೊಸತು, ಜುಲೈ ತಿಂಗಳ, ಇಲ್ಲಿಯ ನಡುಚಳಿಗಾಲದ ಬೆಳಗು. ಹುಲ್ಲಿನ ಮೇಲೆ ಇಬ್ಬನಿ ಗಟ್ಟಿಯಾಗಿ ಕೂತಿತ್ತು. ಎದುರು ಮನೆಯ ಗೇಟಿನಲ್ಲಿ ಒಬ್ಬ ಎತ್ತರದ ಮನುಷ್ಯ, ಪಕ್ಕದಲ್ಲಿ ಒಂದು ತೆಳ್ಳನೆಯ ನಾಯಿ. ಅವರು ಮಂಡಿ ಬಗ್ಗಿಸಿ ಕುಕ್ಕರಗಾಲಲ್ಲಿ ಕೂತು ಫುಟ್‌ಪಾತಿಗೆ ಕೈ ಹಚ್ಚಿದರು. ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು ಹಾಗೇ ಇದ್ದರು. ತುಟಿ ಏನೋ ಅಂದಿತು. ಆಮೇಲೆ ಎದ್ದರು, ನಾಯಿ ಹೆಜ್ಜೆ ಇಟ್ಟಿತು. ಪಕ್ಕದ ಮನೆಯ ಶಾರದಾ ಆಂಟಿ ಮೈಸೂರಿನವರು, ಎಪ್ಪತ್ತರ ಮೇಲಿನ ವಯಸ್ಸು, ಕಿಟಕಿಯಿಂದ ನೋಡಿ ನನ್ನ ಹೆಂಡತಿಗೆ ಹೇಳಿದರು: "ನೋಡಮ್ಮ, ಈ ಚಳೀಲೂ ಪಾದಸ್ಪರ್ಶ ಕ್ಷಮಿಸು ಅಂತ ಬೇಡ್ಕೋತಾರೆ. ನಮ್ಮ ಮಕ್ಕಳಿಗೆ ಹೇಳಿಕೊಟ್ಟರೆ ಬರುತ್ಯೇ ಇದು?"

ಇಲ್ಲೇ ಹುಟ್ಟಿದ ನನ್ನ ಮಗಳು ಟೋಸ್ಟ್ ಕಚ್ಚುತ್ತಾ, "ಇಟ್ಸ್ ಫಾರ್ ದ ಡಾಗ್, ಅಪ್ಪಾ," ಅಂದಳು. ನಾವು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಅವರು ಬಿಜಾಪುರದ ಕಡೆಯವರು. ನಾವಿಬ್ಬರೂ ಒಂದೇ ಕಡೆ ಕೆಲಸಕ್ಕಿದ್ದೇವೆ ಎಂದು ಗೊತ್ತಾದದ್ದು ಆಮೇಲೆ. ನಾನು ಲಾರಿಗಳಿಗೆ ಸರಕು ಕಳಿಸುವ ವಿಭಾಗ, ಅವರು ಕಂಪ್ರೆಸರುಗಳ ಉಸ್ತುವಾರಿ. ಅದಕ್ಕೂ ಮೊದಲು ಅರ್ಧ ಆಯುಷ್ಯ ಮರುಭೂಮಿಯ ಒಂದು ಊರಲ್ಲಿ ಎತ್ತರೆತ್ತರದ ಕಟ್ಟಡಗಳನ್ನು ತಣ್ಣಗಿಡುವ ಕೆಲಸ ಮಾಡಿದ್ದರು. ಹೆಂಡತಿ ಅಲ್ಲೇ ತೀರಿಕೊಂಡರು. ಒಬ್ಬಳೇ ಮಗಳು ವೆಲ್ಲಿಂಗ್ಟನ್ನಿನ ಅಪಾರ್ಟ್‌ಮೆಂಟಿನಲ್ಲಿ. ಉಳಿದದ್ದು ರೊಟ್ಟಿ. ನಾಯಿಯ ಹೆಸರೇ ಅದು. ಮೈಯೆಲ್ಲ ಜೋಳದ ರೊಟ್ಟಿಯ ಬಿಳುಪು, ಅಲ್ಲಲ್ಲಿ ಹಂಚಿನ ಮೇಲೆ ಸೀದ ಹಾಗೆ ಕಂದು ಮಚ್ಚೆ.

ಒಂದು ದಿನ ಡಬ್ಬಿಯ ಮುಂದೆ ಕೂತು ನೆಲ ಮುಟ್ಟುವ ಸಂಗತಿ ಕೇಳಿದೆ. "ಯಾವ ದೇವರೋ ತಮ್ಮಾ," ಎಂದು ನಕ್ಕರು. "ಅಲ್ಲಿ ಟಾರು ಅಂದ್ರ ಕಾದ ಹಂಚು. ನಾವು ಬೂಟು ಹಾಕ್ಕೊಂಡಿರ್ತೀವಿ, ನಮಗ ಗೊತ್ತಾಗಂಗಿಲ್ಲ. ಅದರ ಕಾಲು ಬೊಬ್ಬಿ ಬಂದು ಸುಲೀತಾವ. ಅದಕ್ಕ ಹಿಂಗೈ ಇಟ್ಟು ನೋಡಬೇಕು. ಅಂಗೈ ದುಡಿದು ದಪ್ಪಾಗಿರತೈತಿ, ಸುಳ್ಳು ಹೇಳತೈತಿ."

"ಇದು ಆಕ್ಲೆಂಡ್ ಸಾರ್. ಇಲ್ಲಿ ನೆಲ ಮುಟ್ಟಿದ್ರೆ ಕೈ ಮರಗಟ್ಟುತ್ತೆ."

ಅವರು ಚಟ್ನಿಪುಡಿಗೆ ಎಣ್ಣೆ ಹಾಕಿ ಕಲಸುತ್ತಾ, ಯಾವುದೋ ಗಾಳಿ ಸುದ್ದಿ ಹೇಳುವವರ ಹಾಗೆ ಅಂದರು: "ಬಿಸಿಲಿಗೆ ವೀಸಾ ಬೇಕಾಗಂಗಿಲ್ಲ."

ನನಗೆ ನಗು ಬಂತು. ಅವರು ಮತ್ತೆ ನಗಲಿಲ್ಲ.

ನಮ್ಮಜ್ಜಿ ಒಂದು ಮಾತು ಹೇಳುತ್ತಿದ್ದರು, ಬಾಣಂತಿ ಕೋಣೆಯ ದೀಪ ಕಾಯುವವಳಿಗೆ ನಿದ್ದೆ ಹತ್ತಬಾರದು ಎಂದು. ಅವರು ಆ ಊರಲ್ಲಿ ನಾಯಿ ಸಾಕಿದ ಕಥೆ ಕೇಳುವಾಗಲೆಲ್ಲ ನನಗೆ ಆ ಮಾತೇ ನೆನಪಾಗುತ್ತಿತ್ತು. ನಾಯಿಯನ್ನು ಲಿಫ್ಟಿಗೆ ಹತ್ತಿಸುವಂತಿಲ್ಲ, ಮೆಟ್ಟಿಲೇ ಗತಿ. ಹೊತ್ತು ಹುಟ್ಟುವ ಮೊದಲು ಒಮ್ಮೆ, ಮುಳುಗಿ ನೆಲ ಆರಿದ ಮೇಲೆ ಒಮ್ಮೆ ಹೊರಗೆ. ನಡುವಿನ ಹಗಲೆಲ್ಲ ಬಾಗಿಲು ಮುಚ್ಚಿದ ಮನೆ, ಗೋಡೆಯ ಮೇಲೆ ಹೂಂ ಎನ್ನುವ ಏಸಿ. ಆ ಹೂಂಕಾರ ನಿಂತರೆ ಮುಗಿಯಿತು. ನೆರೆಯವರು ದೂರು ಕೊಟ್ಟರೆ ಮನೆ ಖಾಲಿ ಮಾಡಿಸುತ್ತಿದ್ದರಂತೆ, ಅದಕ್ಕೆ ರೊಟ್ಟಿಗೆ ಬೊಗಳದಿರುವುದನ್ನು ಕಲಿಸಿದರು. ಎಷ್ಟು ಚೆನ್ನಾಗಿ ಕಲಿಸಿದರೆಂದರೆ ಇಲ್ಲಿಗೆ ಬಂದ ಮೇಲೂ ಅದರ ದನಿ ಹೇಗಿದೆಯೆಂದು ನಮ್ಮ ಬೀದಿಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಬಾಲ ತುಳಿದರೂ ಸುಮ್ಮನೆ ನೋಡುತ್ತಿತ್ತು.

ಒಂದು ಸಲ ಕಡುಬೇಸಿಗೆಯಲ್ಲಿ ಅವರ ಕಟ್ಟಡಕ್ಕೆ ಕರೆಂಟು ಹೋಯಿತಂತೆ. ರೊಟ್ಟಿಯನ್ನು ಹೆಗಲ ಮೇಲೆ ಹಾಕಿಕೊಂಡು ಮೆಟ್ಟಿಲಿಳಿದು, ಕಾರಿನಲ್ಲಿ ಕೂರಿಸಿ, ಎಂಜಿನ್ ಹಚ್ಚಿ, ಕಿಟಕಿಗಳಿಗೆಲ್ಲ ಬೆಳ್ಳಿ ಬಣ್ಣದ ಪರದೆ ಒತ್ತಿ, ಸಂಜೆಯವರೆಗೆ ಕೂತರು. ಮೇಲಿನ ಮನೆಯವರ ಗಿಳಿ ಉಳಿಯಲಿಲ್ಲ. "ಅವತ್ತಿಂದ ನನಗ ಮನಿಗಿಂತ ಕಾರಿನ ಮ್ಯಾಲ ನಂಬಿಗಿ," ಅನ್ನುತ್ತಿದ್ದರು. "ಅಲ್ಲಿ ಅಂಗಡಿಗೆ ಹೋದ್ರೂ ಎಂಜಿನ್ ಆರಿಸಂಗಿಲ್ಲ. ಒಳಗ ಜೀವ ಇದ್ರ ಅಂತೂ ಇಲ್ಲೇ ಇಲ್ಲ."

ರೊಟ್ಟಿ ಅವರಿಗೆ ಸಿಕ್ಕಿದ್ದು ಊರಾಚೆ, ಇನ್ನೂ ಕಟ್ಟುತ್ತಿದ್ದ ಒಂದು ಕಟ್ಟಡದ ಬೇಲಿಗೆ ಕಟ್ಟಿಹಾಕಿದ್ದ ಮರಿಯಾಗಿ. ಯಾರೋ ಕೆಲಸ ಕಳೆದುಕೊಂಡು ದೇಶ ಬಿಡುವವರು ಕಟ್ಟಿ ಹೋಗಿದ್ದರು. ಎದುರಿಗೆ ಬೋಗುಣಿ ತುಂಬ ನೀರಿತ್ತಂತೆ. ಅವರು ಬೆರಳಿಟ್ಟು ನೋಡಿದರೆ ನೀರು ಚಹಾ ಮಾಡುವಷ್ಟು ಕಾದಿತ್ತು. "ಅಲ್ಲಿ ಊರು ಬಿಡೋರ ಮನಿ ಮುಂದ ಮೊದಲ ಸೋಫಾ ಬರತೈತಿ," ಎಂದು ಅವರು ಹೇಳುವ ಕ್ರಮವೇ ಒಂದಿತ್ತು. "ಆಮ್ಯಾಲ ಟಿವಿ. ಕಡೀಕ ನಾಯಿ." ಅವರು ಊರು ಬಿಡುವಾಗ ಸೋಫಾ ಬಿಟ್ಟರು, ಟಿವಿ ಬಿಟ್ಟರು, ಗಂಟುಕಟ್ಟಿದ್ದನ್ನೆಲ್ಲ ಸುರಿದು ರೊಟ್ಟಿಯನ್ನು ವಿಮಾನ ಹತ್ತಿಸಿದರು. ಕ್ವಾರಂಟೈನಿನ ಜಾಲರಿಯ ಆಚೆ ಅದು ನಿಂತಿದ್ದಾಗ ಮಾತು ಕೊಟ್ಟರಂತೆ, ಇನ್ನೊಮ್ಮೆ ನಿನ್ನನ್ನು ಯಾರೂ ಕಟ್ಟಿ ಹೋಗುವುದಿಲ್ಲ ಎಂದು.

ಕೆಟ್ಟ ದಿನಗಳು ಬರುವಾಗ ಬಾಗಿಲು ಬಡಿದು ಬರುವುದಿಲ್ಲ. ಒಂದು ಭಾನುವಾರ ನಾನು ಪೆನ್‌ರೋಸಿನ ದಾರಿಯಲ್ಲಿ ಹೋಗುತ್ತಿದ್ದಾಗ, ಬೀಗ ಹಾಕಿದ ಗೇಟಿನ ಮುಂದೆ ಅವರು ಡಬ್ಬಿ ಹಿಡಿದು ನಿಂತಿದ್ದರು. ಕಾರು ನಿಲ್ಲಿಸಿದೆ.

"ಏನ್ ಸಾರ್, ಇವತ್ತು?"

"ನೀನೂ ತಡಾ ಮಾಡಿದೀ? ಗೇಟು ತೆಗದಿಲ್ಲ ನೋಡು."

"ಭಾನುವಾರ ಅಲ್ವಾ ಸಾರ್, ರಜ."

"ರಜಾ ಶುಕ್ರವಾರಲ್ಲೋ," ಎಂದರು. ಮರುಭೂಮಿಯ ಊರಿನ ವಾರ ಅದು. ಹೇಳಿದ ಮೇಲೆ ಅವರ ಮುಖದಲ್ಲಿ ಏನೋ ಸರಿಯಿತು. ಡಬ್ಬಿಯನ್ನು ಬೆನ್ನ ಹಿಂದೆ ಮರೆಮಾಡಿಕೊಂಡರು, ನಾನು ನೋಡೇ ಇಲ್ಲವೇನೋ ಎಂಬಂತೆ.

ಆಮೇಲೆ ಅವರ ಮನೆಯ ಕಿಟಕಿಗಳಿಗೆ ಅಡುಗೆಯ ಫಾಯಿಲ್ ಕಾಗದ ಬಂತು. ಮೋಡ ಮುಸುಕಿದ ಮಧ್ಯಾಹ್ನವೂ ಮನೆಯೊಳಗೆ ಕತ್ತಲೆ, ಏಸಿ ಹೂಂ ಅನ್ನುತ್ತಿತ್ತು. ಒಂದು ಬೆಳಗ್ಗೆ ಜಡಿಮಳೆ ಹೊಡೆದು ನಿಂತಿತ್ತು, ಫುಟ್‌ಪಾತಿನ ಮೇಲೆ ನೀರು ಹರಿಯುತ್ತಿತ್ತು. ಅವರು ಕುಕ್ಕರಗಾಲಲ್ಲಿ ಕೂತು ಹಿಂಗೈ ಇಟ್ಟರು. ಎಂದಿನಂತೆ ಏಳಲಿಲ್ಲ. ಚುರ್ ಎಂದವರ ಹಾಗೆ ಕೈ ಕಿತ್ತುಕೊಂಡು ಊದಿಕೊಂಡರು. ರೊಟ್ಟಿ ಹಗ್ಗ ಜಗ್ಗಿತು.

"ಒಳಗ ನಡಿಯವ್ವಾ," ಎಂದರು ಅದಕ್ಕೆ. "ಸುಡಾಕತ್ತೈತಿ."

ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ನಾನು ಎದುರು ಗೇಟಿನಿಂದ ನೋಡುತ್ತಿದ್ದೆ.

ತಮಗೇನಾಗುತ್ತಿದೆ ಎಂಬುದು ಅವರಿಗೆ ಗೊತ್ತಿತ್ತು. ತಿಳಿ ಇದ್ದ ದಿನಗಳಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಕೆಲಸ ಬಿಟ್ಟರು. ಮಗಳು ಕರೆಯುತ್ತಿದ್ದಳು, ಆದರೆ ಅವಳ ಅಪಾರ್ಟ್‌ಮೆಂಟಿನಲ್ಲಿ ನಾಯಿ ಇಡುವಂತಿಲ್ಲ. ಹಾಗಾಗಿ ಅವರು ಹೆಣ್ಣಿಗೆ ಗಂಡು ನೋಡುವವರಂತೆ ರೊಟ್ಟಿಗೆ ಮನೆ ನೋಡಲು ಹೊರಟರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಬಾಳೆಹಣ್ಣು, ಪಕ್ಕದಲ್ಲಿ ಮಿಂದು ಬಾಚಿಸಿಕೊಂಡ ರೊಟ್ಟಿ. ನಮ್ಮ ಮನೆಗೂ ಒಂದು ಸಂಜೆ ಬಂದರು. ನನ್ನ ಹೆಂಡತಿ ಕಾಫಿ ಕೊಟ್ಟಳು. ಅಡುಗೆಮನೆಯ ಗೆರೆ ದಾಟಬಾರದು ಎಂದು ನಾಯಿಯನ್ನು ಕಣ್ಣಲ್ಲೇ ಕಟ್ಟಿಹಾಕಿದಳು.

"ನಿಮ್ಮನ್ಯಾಗ ಮುಂಜಾನೆ ಮೊದಲ ಏಳೋರು ಯಾರು, ತಂಗಿ?"

"ನಾನೇ ಅಂಕಲ್. ಇವರನ್ನ ಎಬ್ಬಿಸೋಕೆ ಜಾಗಟೆ ಹೊಡೀಬೇಕು."

"ಅಂಗಳಕ್ಕ ಬರಿಗಾಲಿಲೆ ಹೋಗ್ತಿಯೋ, ಚಪ್ಪಲಿ ಹಾಕ್ಕೊಂಡೋ?"

"ಬರಿಗಾಲೇ. ಯಾಕೆ ಇದೆಲ್ಲ?"

"ಚಪ್ಪಲಿ ಹಾಕೋರ ಕೈಯಾಗ ನಾಯಿ ಕೊಡಬಾರದು. ನಾ ಇಲ್ಲದಾಗ ಇಕಿ ಎಲ್ಲಿ ಇರಬೇಕು ಅಂತ ನೋಡಾಕತ್ತೀನಿ."

ಇವಳು ಎರಡೂ ಕೈ ಕಿವಿಗೆ ಒಯ್ದಳು. "ಬಿಡ್ತು ಅನ್ನಿ ಅಂಕಲ್. ದೀಪ ಹಚ್ಚೋ ಹೊತ್ತಲ್ಲಿ ಎಂಥ ಮಾತು ಆಡ್ತೀರಿ. ಗುಂಡುಕಲ್ಲಿನ ಹಾಗಿದ್ದೀರ, ನಿಮಗೇನಾಗಿದೆ?"

ಅವರು ಲೋಟ ಕೆಳಗಿಟ್ಟರು. ಗೇಟಿನವರೆಗೆ ಬಿಡಲು ಹೋದಾಗ ನನ್ನ ತೋಳು ಹಿಡಿದುಕೊಂಡರು. "ಎಲ್ಲಾರ ಮನ್ಯಾಗೂ ಇದ ಮಾತು ತಮ್ಮಾ. ಬಿಡ್ತು ಅನ್ರಿ ಅಂತಾರ, ಚಹಾ ಕೊಡ್ತಾರ. ನಾ ನೋಡ್ಕೋತೀನಿ ಅಂತ ಒಬ್ಬರೂ ಅನ್ನಂಗಿಲ್ಲ. ಅಪಶಕುನ ಅಂತ ನನ್ನ ಬಾಯಿ ಮುಚ್ಚಿಸಿದ್ರ, ಬರೂದು ನಿಂದರತೈತೇನು?"

ಆ ಜನವರಿಯ ಸಂಕ್ರಾಂತಿ ಒನೆಹುಂಗಾದ ಒಂದು ಬಾಡಿಗೆ ಹಾಲಿನಲ್ಲಿ. ಇಲ್ಲಿ ಸಂಕ್ರಾಂತಿಗೆ ನಡುಬೇಸಿಗೆ. ಮೈ ಬೆಚ್ಚಗಾಗಲಿ ಎಂದು ತಿನ್ನುವ ಎಳ್ಳನ್ನು ನಾವು ಬೆವರು ಒರೆಸಿಕೊಂಡು ತಿನ್ನುತ್ತೇವೆ. ಆ ಸಲವಂತೂ ಬಿಸಿಲು ಮುಖಕ್ಕೆ ಹೊಡೆಯುತ್ತಿತ್ತು. ಅವರು ಒಬ್ಬರೇ ಒಳಗೆ ಬಂದರು. "ರೊಟ್ಟಿ ಎಲ್ಲಿ ಸಾರ್?" ಎಂದೆ. "ಆರಾಮ ಐತಿ. ತಂಪಿನಾಗೈತಿ," ಎಂದರು. ಮನೆಯಲ್ಲಿ ಬಿಟ್ಟು ಬಂದಿದ್ದಾರೆ ಎಂದುಕೊಂಡೆ.

ಹತ್ತು ಜನ ಕೂತ ಕಡೆ ಅವರು ಮತ್ತೆ ಅದೇ ಮಾತು ತೆಗೆದರು, ನಾನು ಇಲ್ಲದಾಗ ನಾಯಿ ಯಾರು ನೋಡ್ತೀರಿ ಎಂದು. ಶಾರದಾ ಆಂಟಿ ಅವರ ಅಂಗೈ ಬಿಡಿಸಿ ಎಳ್ಳುಬೆಲ್ಲ ಸುರಿದರು. "ಎಳ್ಳು ತಿಂದು ಒಳ್ಳೆ ಮಾತಾಡಿ. ಹಬ್ಬದ ದಿನ ಇದೇನು?" ಅವರು ಅದನ್ನು ಬಾಯಿಗೆ ಹಾಕಿಕೊಂಡರು.

ಅಷ್ಟರಲ್ಲಿ ಸುಹಾಸ ಬಂದ. ಬೆಂಗಳೂರಿನವನು, ಸಾಫ್ಟ್‌ವೇರು, ಸಂಘದ ಕುರ್ಚಿ ಎತ್ತುವುದರಿಂದ ಹಿಡಿದು ಕಸ ಗುಡಿಸುವವರೆಗೆ ಎಲ್ಲದಕ್ಕೂ ಮುಂದು. ಹಿಂದೆ ತೆರೆದ ತೊಟ್ಟಿಯಿರುವ ತನ್ನ ಯೂಟ್ ಗಾಡಿಯಿಂದ ಕಬ್ಬಿನ ಕಟ್ಟು ತರಲು ಹೋಗಿದ್ದವನು ಅವರ ಕೈಗೆ ಒಂದು ಕೀ ಇಟ್ಟ.

"ಅಂಕಲ್, ಎಂಜಿನ್ ಆನ್‌ನಲ್ಲೇ ಬಿಟ್ಟು ಬಂದಿದ್ರಿ. ಡೋರೂ ಲಾಕ್ ಇಲ್ಲ. ಇದು ಆಕ್ಲೆಂಡು, ಹಂಗೆ ಬಿಟ್ರೆ ವಾಪಸ್ ಹೋಗೋಷ್ಟರಲ್ಲಿ ಕಾರೇ ಮಾಯ. ಆಫ್ ಮಾಡಿ ಲಾಕ್ ಮಾಡಿದೀನಿ."

ಎಲ್ಲರೂ ನಕ್ಕರು, ಕೆಟ್ಟ ನಗುವೇನಲ್ಲ. ಅವರ ಮರೆವು ಅಷ್ಟುಹೊತ್ತಿಗೆ ಎಲ್ಲರಿಗೂ ಗೊತ್ತಿತ್ತು. ಅವರೂ ನಕ್ಕರು. ಕೀಯನ್ನು ಬೆಳಕಿಗೆ ಹಿಡಿದು, ಯಾವುದೋ ಹಳೆಯ ಊರಿನ ನಾಣ್ಯ ನೋಡುವಂತೆ ತಿರುಗಿಸಿ ನೋಡಿ, ಎಳ್ಳಿನ ತಟ್ಟೆಯ ಪಕ್ಕ ಇಟ್ಟರು.

ಮಕ್ಕಳ ಕೋಲಾಟ ಶುರುವಾಯಿತು. ಅದು ಮುಗಿದು ಇನ್ನೊಂದು. ಅವರು ಕುರ್ಚಿಯಲ್ಲಿ ಮುಂದಕ್ಕೆ ಹಿಂದಕ್ಕೆ ಆಗುತ್ತಿದ್ದರು, ಏನನ್ನೋ ಒಲೆಯ ಮೇಲೆ ಬಿಟ್ಟು ಬಂದವರ ಹಾಗೆ. ಒಮ್ಮೆ ನನ್ನ ಕಡೆ ಬಾಗಿ, "ಹೂಂ ಅನ್ನೂದು ನಿಂತೈತಲ್ಲೋ," ಎಂದರು. ಕೋಲಿನ ಸದ್ದಿನಲ್ಲಿ ನನಗೆ ತಲೆಬುಡ ತಿಳಿಯಲಿಲ್ಲ. ಅವರು ಎದ್ದು ಬಾಗಿಲಿನ ಹತ್ತಿರ ಹೋದರು. ಹೊಸ್ತಿಲಾಚೆ ಕಾರುಗಳು ನಿಂತ ಟಾರಿನ ಬಯಲು. ಅಭ್ಯಾಸಬಲ, ಕುಕ್ಕರಗಾಲಲ್ಲಿ ಕೂತು ಹಿಂಗೈ ಇಟ್ಟರು. ಹಿಂದೆ ಯಾರೋ ಹೆಂಗಸರು, "ನೋಡಿ, ಇಲ್ಲೂ ಬಿಡಲ್ಲ," ಅನ್ನುವುದು ಕೇಳಿಸಿತು.

ಈ ಸಲ ನೆಲ ನಿಜವಾಗಿ ಸುಡುತ್ತಿತ್ತು.

ಅವರು ಕೂಗಲಿಲ್ಲ. ರೊಟ್ಟಿ ಅಂತ ಒಂದೇ ಸಲ, ಮಗ್ಗುಲಲ್ಲಿ ಮಲಗಿದವರನ್ನು ಎಬ್ಬಿಸುವ ದನಿಯಲ್ಲಿ ಅಂದರು. ಆಮೇಲೆ ಓಡಿದರು. ನನಗೆ ಆಗ ಹೊಳೆಯಿತು. ತಟ್ಟೆಯ ಪಕ್ಕದ ಕೀ ಬಾಚಿಕೊಂಡು ನಾನೂ ಓಡಿದೆ, ನನ್ನ ಮುಖ ನೋಡಿ ನನ್ನ ಹೆಂಡತಿ ನೀರಿನ ಬಿಂದಿಗೆ ಎತ್ತಿಕೊಂಡು ಹಿಂದೆ ಬಂದಳು. ಕಾರಿನ ಕಿಟಕಿಗಳಿಗೆ ಆ ಬೆಳ್ಳಿ ಪರದೆಗಳು. ಮುಂದಿನ ಬಾಗಿಲಿನಿಂದ ಕೈ ಚಾಚಿ ಕೀ ತಿರುಗಿಸಿದ ಸುಹಾಸನಿಗೆ ಆ ಕತ್ತಲಲ್ಲಿ ಹಿಂದಿರುವುದು ಕಾಣಲು ದಾರಿಯೇ ಇರಲಿಲ್ಲ. ಬಾಗಿಲು ತೆಗೆದಾಗ ಬಂದ ಗಾಳಿ ನನಗೆ ಈಗಲೂ ನೆನಪಿದೆ, ಬೇಕರಿಯ ಒಲೆಯದು. ರೊಟ್ಟಿ ಹಿಂದಿನ ಸೀಟಿನ ಕೆಳಗೆ, ನಾಲಿಗೆ ಹೊರಗೆ ಬಿದ್ದು, ಕಣ್ಣು ಅರೆ ಮುಚ್ಚಿ. ಅಷ್ಟೂ ಹೊತ್ತು ಅದು ಒಂದೇ ಒಂದು ಸಲ ಬೊಗಳಿರಲಿಲ್ಲ. ಕಲಿತ ಪಾಠ ಬಿಟ್ಟಿರಲಿಲ್ಲ.

"ತಲಿಗೆ ಬ್ಯಾಡ. ಹೊಟ್ಟಿಗೆ, ಕಾಲಿಗೆ ಹಾಕ್ರಿ," ಎಂದರು ಅವರು. ಆ ಹೊತ್ತು ಅವರ ದನಿಯಲ್ಲಿ ಒಂದು ಎಳೆ ಮಂಜಿರಲಿಲ್ಲ. ಇವಳು ಹಬ್ಬದ ರೇಷ್ಮೆ ಸೀರೆಯ ಸೆರಗನ್ನು ಬಿಂದಿಗೆಯಲ್ಲಿ ಅದ್ದಿ ನಾಯಿಯ ಮೈಮೇಲೆ ಹೊದಿಸಿದಳು, ಟಾರಿನ ಮೇಲೆ ಬರಿಗಾಲಲ್ಲಿ ನಿಂತು. ಸುಹಾಸ ಯೂಟ್ ತಂದ. ನಾಯಿ ಡಾಕ್ಟರ ಹತ್ತಿರ ಹೋಗುವ ದಾರಿಯುದ್ದಕ್ಕೂ ಅವನು ಸಾರಿ ಅಂಕಲ್ ಅನ್ನುತ್ತಿದ್ದ. ಅವರು ಅವನ ಭುಜ ತಟ್ಟುತ್ತಾ, "ನೀ ಛಲೋ ಮಾಡಿದ್ಯೋ, ನೀ ಛಲೋನ ಮಾಡಿದೀ," ಅನ್ನುತ್ತಿದ್ದರು.

ರೊಟ್ಟಿ ಉಳಿಯಿತು. ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತಿದ್ದಾಗ ಅವರು ಎದುರಿನ ಗೋಡೆಗೆ ಹೇಳಿದ ಹಾಗೆ ಹೇಳಿದರು: "ಬಿಸಿಲು ನನ್ನ ಬೆನ್ನು ಹತ್ತಿ ಬಂದಿಲ್ಲ ತಮ್ಮಾ. ನಾನ ಹೊತ್ಕೊಂಡು ಬಂದೀನಿ."

ಮುಂದಿನ ವಾರ ಒಂದು ಬೆಳಗ್ಗೆ ನಮ್ಮ ಮನೆಯ ಮುಂದೆ ಸದ್ದಾಯಿತು. ಬಾಗಿಲು ತೆಗೆದರೆ ಮೆಟ್ಟಿಲ ಮೇಲೆ ರೊಟ್ಟಿಯ ಹಾಸಿಗೆ. ಅವರು ಬೀದಿ ದಾಟಿ ಹೋಗಿ ಬೋಗುಣಿ ತಂದಿಟ್ಟರು. ಮತ್ತೆ ಹೋದರು. ಮೂರನೆಯ ಸಲ ರೊಟ್ಟಿಯೊಂದಿಗೆ ಬಂದರು.

"ಸೋಫಾ ಒಂದ ಇಲ್ಲ, ನೋಡು," ಎಂದು ನಗಲು ನೋಡಿದರು.

ನಾನು ಏನಾದರೂ ಹೇಳುವ ಮೊದಲೇ ನನ್ನ ಹೆಂಡತಿ ಅಡುಗೆಮನೆಯಿಂದ ಬಂದಳು. "ಕೊಡಿ ಅಂಕಲ್. ನಾನು ನೋಡ್ಕೋತೀನಿ." ಅವರು ಅವಳ ಮುಖ ನೋಡಲಿಲ್ಲ. ಪಾದ ನೋಡಿದರು. ಬರಿಗಾಲು, ಸಂಕ್ರಾಂತಿಯ ದಿನ ಎದ್ದ ಬೊಬ್ಬೆ ಇನ್ನೂ ಪೂರ್ತಿ ಮಾಯ್ದಿರಲಿಲ್ಲ. ಹಗ್ಗವನ್ನು ಅವಳ ಕೈಗೆ ಕೊಟ್ಟು, ತಗ್ಗಿದ ದನಿಯಲ್ಲಿ ಏನೋ ಒಂದು ಮಾತು ಹೇಳಿಕೊಟ್ಟು, ತಿರುಗಿ ನೋಡದೆ ಬೀದಿ ದಾಟಿದರು. ಅವರು ಕಟ್ಟಿ ಹೋಗಲಿಲ್ಲ, ಕೈಗೆ ಕೊಟ್ಟು ಹೋದರು. ಈ ವ್ಯತ್ಯಾಸ ಅವರಿಗೆ ಸಮಾಧಾನ ಕೊಟ್ಟಿತೋ ಇಲ್ಲವೋ ನನಗೆ ತಿಳಿಯದು. ರೊಟ್ಟಿಗೆ ಆ ವ್ಯತ್ಯಾಸ ಗೊತ್ತಿತ್ತೆಂದು ಹೇಳುವ ಧೈರ್ಯವೂ ನನಗಿಲ್ಲ. ಎಷ್ಟೋ ದಿನ ಅದು ಎದುರು ಮನೆಯ ಫಾಯಿಲ್ ಹಚ್ಚಿದ ಕಿಟಕಿಯನ್ನೇ ನೋಡುತ್ತಾ ಕೂತಿರುತ್ತಿತ್ತು, ಎಂದಿನಂತೆ ಬಾಯಿ ಬಿಡದೆ.

ಅವರು ಮಗಳ ಮನೆಗೆ ಹೋದ ಮೇಲೆ ವೆಲ್ಲಿಂಗ್ಟನ್ನಿಗೆ ನಾನು ಆಗಾಗ ಫೋನು ಮಾಡುತ್ತಿದ್ದೆ. ಬರಬರುತ್ತಾ ನಾನು ಯಾರೆಂಬುದು ಅವರಿಗೆ ಹತ್ತುತ್ತಿರಲಿಲ್ಲ. ನಾಯಿಯ ಹೆಸರೂ ಹೋಯಿತು. ಆದರೆ ಪ್ರತಿ ಸಲ, ಮಗಳು ಫೋನು ತೆಗೆದುಕೊಳ್ಳುವ ಮೊದಲು, ತಗ್ಗಿಸಿದ ದನಿಯಲ್ಲಿ ಕೇಳುತ್ತಿದ್ದರು: "ಅಲ್ಲಿ ನೆಲ ಹ್ಯಾಂಗೈತಿ?"

ಕಳೆದ ಭಾನುವಾರ ಅದೇ ಹಾಲಿನಲ್ಲಿ ಶ್ರದ್ಧಾಂಜಲಿ. ಫೋಟೋಗೆ ಹಾರ ಹಾಕಿದರು. ಶಾರದಾ ಆಂಟಿ ಮೈಕಿನ ಮುಂದೆ ನಿಂತು ಭೂಮಿತಾಯಿಯ ಕಥೆ ಹೇಳಿದರು. ನನ್ನ ಹೆಂಡತಿ ನನ್ನ ಕಡೆ ನೋಡಿದಳು. ತಿದ್ದಲು ನಾನು ಏಳಲಿಲ್ಲ. ಮುಗಿದ ಮೇಲೆ ಕಾರುಗಳ ಬಯಲಿಗೆ ಬಂದೆವು. ಸುಹಾಸ ಕಾರ್ಯಕ್ರಮದ ಉದ್ದಕ್ಕೂ ಹೊರಗೇ ಇದ್ದ, ನಮ್ಮ ಕಾರಿನ ಬಾಗಿಲು ತೆರೆದಿಟ್ಟು, ರೊಟ್ಟಿಯ ಪಕ್ಕ, ಜಾಕೆಟ್ಟಿನ ಕುತ್ತಿಗೆ ಮೇಲೆತ್ತಿಕೊಂಡು. ಚಳಿಗಾಳಿ ಬೀಸುತ್ತಿತ್ತು. ರೊಟ್ಟಿಗೆ ಇಳಿಯಬೇಕಿತ್ತು, ಆದರೆ ಮುಂಗಾಲು ಬಾಗಿಲಿನ ಅಂಚಿಗಿಟ್ಟು ಕಾಯುತ್ತಿತ್ತು.

ಇವಳು ಕುಕ್ಕರಗಾಲಲ್ಲಿ ಕೂತು ಟಾರಿನ ಮೇಲೆ ಹಿಂಗೈ ಇಟ್ಟಳು. ಹಿಂದಿನಿಂದ ಶಾರದಾ ಆಂಟಿ, "ಅವರು ಹೋದರೂ ಕಲಿಸಿ ಹೋದರು ನೋಡಮ್ಮ," ಎಂದರು. ಇವಳು ಕೈ ಎತ್ತಲಿಲ್ಲ. ಒಂದು ಉಸಿರು ಎಳೆದು ಬಿಟ್ಟಳು. ಆಮೇಲೆ, ಮೈಸೂರಿನದು ಬಿಟ್ಟು ಬೇರೆ ಕನ್ನಡ ಆಡದ ನನ್ನ ಹೆಂಡತಿ, ಅವರು ದಿನಾ ಬೆಳಗ್ಗೆ ತುಟಿಯಲ್ಲಿ ಅನ್ನುತ್ತಿದ್ದ ಮಾತನ್ನು ಅವರ ಭಾಷೆಯಲ್ಲೇ ನಾಯಿಗೆ ಹೇಳಿದಳು. ಬೇರೆ ಯಾವ ಮಾತಿಗೂ ಅದು ಕಾಲಿಡುವುದಿಲ್ಲ.

"ಸದ್ಯಕ್ಕ ತಂಪೈತಿ. ನಡಿ."